ನಿಮಗಿದು ಗೊತ್ತೇ? ನಾಲಿಗೆಗೆ ಹುಳಿ, ಲೋಹಕ್ಕೆ ಉರಿ

ಆಮ್ಲ ಎಂದ ಕೂಡಲೇ ಕಣ್ಣಮುಂದೆ ಬರುವುದು ತಲೆಬುರುಡೆಯ ಚಿತ್ರ ಅಂಟಿಸಿದ ಬಾಟಲಿ. ಆದರೆ ಬೆಳಿಗ್ಗೆ ತಿಂದ ಇಡ್ಲಿಯಲ್ಲಿ, ಮಧ್ಯಾಹ್ನ ಕುಡಿದ ಮಜ್ಜಿಗೆಯಲ್ಲಿ, ಸಾರಿಗೆ ಕಿವುಚಿದ ಹುಣಸೆಯಲ್ಲಿ, ಅದನ್ನೆಲ್ಲ ಅರಗಿಸುವ ಹೊಟ್ಟೆಯಲ್ಲಿ ಇರುವುದೂ ಆಮ್ಲವೇ. ಲೋಹ ಸಿಕ್ಕಾಗ ಒಂದು ನಡತೆ, ಸುಣ್ಣದ ಕಲ್ಲು ಸಿಕ್ಕಾಗ ಇನ್ನೊಂದು, ಕ್ಷಾರ ಸಿಕ್ಕಾಗ ಮತ್ತೊಂದು. ಆ ನಡತೆಗೆಲ್ಲ ನಿಯಮಗಳಿವೆ. ನಿಯಮ ತಿಳಿದವರಿಗೆ ಆಮ್ಲದ ಬಗ್ಗೆ ಭಯ ಕಡಿಮೆಯಾಗುತ್ತದೆ, ಎಚ್ಚರ ಹೆಚ್ಚುತ್ತದೆ. ಒಂದೊಂದಾಗಿ ನೋಡುತ್ತ ಹೋಗೋಣ.

ಆಮ್ಲ ಅಂದರೆ ಏನು?

1. ಹುಳಿ ರುಚಿ; ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುವುದು; ಹಲವು ಲೋಹಗಳ ಜೊತೆ ಸೇರಿ ಹೈಡ್ರೋಜನ್ ಅನಿಲ ಬಿಡುವುದು; ಸುಣ್ಣದ ಕಲ್ಲಿನ ಮೇಲೆ ಬಿದ್ದರೆ ನೊರೆಯೇಳುವುದು; ಪ್ರತ್ಯಾಮ್ಲದೊಂದಿಗೆ ಕೂಡಿ ಲವಣ ಮತ್ತು ನೀರಾಗುವುದು. ಆಮ್ಲವನ್ನು ಗುರುತಿಸಲು ಈ ಐದು ಲಕ್ಷಣ ಸಾಕು. ಆದರೆ ಮೊದಲನೆಯದನ್ನು ಪ್ರಯೋಗಾಲಯದಲ್ಲಿ ಎಂದೂ ಪರೀಕ್ಷಿಸಬಾರದು.

2. ಐದೂ ಲಕ್ಷಣಗಳ ಹಿಂದಿರುವುದು ಒಂದೇ ಕಾರಣ: ನೀರಿಗೆ ಬಿದ್ದ ಆಮ್ಲ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಈ ವಿಚಾರದ ಬೀಜ ಇದ್ದದ್ದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ. ಪರೀಕ್ಷಕರು ಅದಕ್ಕೆ ಕೆಳದರ್ಜೆ ಕೊಟ್ಟರು. ಅದೇ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

3. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇದ್ದೇ ಇರುತ್ತದೆ ಎಂದು ಫ್ರಾನ್ಸಿನ ಲವಾಸಿಯೇ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು.

4. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಬೇರೆ ಬೇರೆಯಾಗಿಯೇ ಒಂದೇ ತೀರ್ಮಾನಕ್ಕೆ ಬಂದರು: ಪ್ರೋಟಾನ್ ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. ಇಂದಿನ ಪಠ್ಯಪುಸ್ತಕಗಳೂ ಈ ವ್ಯಾಖ್ಯೆಯನ್ನು ಕಲಿಸುತ್ತವೆ.

5. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲ ಒಣ ಲಿಟ್ಮಸ್ ಕಾಗದದ ಬಣ್ಣ ಬದಲಿಸುವುದಿಲ್ಲ. ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಹಿಡಿದರೆ ಕೆಂಪಾಗುತ್ತದೆ. ಇಲ್ಲಿ ಅಯಾನುಗಳು ಬಿಡುಗಡೆಯಾಗಲು ನೀರು ಬೇಕೇ ಬೇಕು.

6. ಹೈಡ್ರೋಜನ್ ಇರುವುದೆಲ್ಲ ಆಮ್ಲವಲ್ಲ. ಸಕ್ಕರೆಯಲ್ಲೂ ಮದ್ಯಸಾರದಲ್ಲೂ ಅದು ಧಾರಾಳವಾಗಿದೆ. ನೀರಿನಲ್ಲಿ ಕರಗಿದಾಗ ಅವು ಹೈಡ್ರೋಜನ್ ಅಯಾನು ಬಿಟ್ಟುಕೊಡುವುದಿಲ್ಲ. ಅದಕ್ಕೇ ಸಕ್ಕರೆ ನೀರಿನ ಮೂಲಕ ವಿದ್ಯುತ್ ಹರಿಯುವುದಿಲ್ಲ, ಆಮ್ಲದ ದ್ರಾವಣದ ಮೂಲಕ ಹರಿಯುತ್ತದೆ.

7. ಪ್ರಬಲ ಆಮ್ಲ ಬೇರೆ, ಸಾರಯುಕ್ತ ಆಮ್ಲ ಬೇರೆ. ನೀರಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಯಾನುಗಳಾಗಿ ಒಡೆಯುವುದು ಪ್ರಬಲ ಆಮ್ಲ; ಕಡಿಮೆ ನೀರು ಬೆರೆತಿರುವುದು ಸಾರಯುಕ್ತ ಆಮ್ಲ. ದುರ್ಬಲ ಆಮ್ಲವೂ ಅಪಾಯಕಾರಿ ಆಗಬಲ್ಲದು. ಹೈಡ್ರೋಫ್ಲೋರಿಕ್ ಆಮ್ಲ ರಸಾಯನಶಾಸ್ತ್ರದ ಲೆಕ್ಕದಲ್ಲಿ ದುರ್ಬಲ. ಆದರೆ ಅದು ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಜೀವಕ್ಕೇ ಕುತ್ತು ತರುತ್ತದೆ.

8. ಆಮ್ಲದ ತೀವ್ರತೆ ಅಳೆಯುವ ಪಿಎಚ್ ಮಾಪಕ ಹುಟ್ಟಿದ್ದು ಬಿಯರ್ ತಯಾರಕರ ಪ್ರಯೋಗಾಲಯದಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ 1909ರಲ್ಲಿ ಅದನ್ನು ರೂಪಿಸಿದರು. ಕಿಣ್ವಗಳು ಎಷ್ಟು ಆಮ್ಲೀಯತೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ತಿಳಿಯಲು ಅವರಿಗೆ ಅದು ಬೇಕಿತ್ತು.

9. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ, ಎರಡು ಇಳಿದರೆ 100 ಪಟ್ಟು. ನಿಂಬೆರಸದ ಪಿಎಚ್ ಸುಮಾರು 2, ಶುದ್ಧ ನೀರಿನದು 7. ಅಂದರೆ ನಿಂಬೆರಸದಲ್ಲಿರುವ ಹೈಡ್ರೋಜನ್ ಅಯಾನುಗಳು ನೀರಿನಲ್ಲಿರುವುದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು.

10. ಹುಳಿಯನ್ನು ನಾಲಿಗೆ ಗುರುತಿಸುವ ಬಗೆ ಖಚಿತವಾದದ್ದು ತೀರ ಈಚೆಗೆ. ರುಚಿಕೋಶಗಳ ಗೋಡೆಯಲ್ಲಿ ‘ಒಟಾಪ್1’ ಎಂಬ ಪ್ರೋಟೀನಿನ ದ್ವಾರವಿದೆ. ಹೈಡ್ರೋಜನ್ ಅಯಾನುಗಳು ಅದರ ಮೂಲಕ ಒಳನುಗ್ಗಿದಾಗ ಮಿದುಳಿಗೆ ಹುಳಿಯ ಸುದ್ದಿ ಮುಟ್ಟುತ್ತದೆ. ಇದನ್ನು ತೋರಿಸಿದ ಅಧ್ಯಯನಗಳು ಪ್ರಕಟವಾದದ್ದು 2018 ಮತ್ತು 2019ರಲ್ಲಿ.

ಬಣ್ಣ ಹೇಳುವ ಸಾಕ್ಷಿ

11. ಆಮ್ಲವನ್ನು ಬಣ್ಣದಿಂದ ಪತ್ತೆಹಚ್ಚುವ ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟವನು ರಾಬರ್ಟ್ ಬಾಯ್ಲ್. ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕ ಆಮ್ಲದಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ಹಸಿರಾಗುತ್ತದೆ ಎಂದು 1664ರ ತನ್ನ ಪುಸ್ತಕದಲ್ಲಿ ಆತ ದಾಖಲಿಸಿದ.

12. ಶಾಲೆಯ ಲಿಟ್ಮಸ್ ಕಾಗದದ ಬಣ್ಣಕ್ಕೆ ಮೂಲ ಕಲ್ಲುಹೂವುಗಳು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವಿಗಳು ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುತ್ತವೆ.

13. ಅರಿಸಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು ಓಕುಳಿ ಸಿದ್ಧ. ಅರಿಸಿನದ ಕುರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುವ ಸೂಚಕ. ಅದೇ ಓಕುಳಿಗೆ ನಿಂಬೆಹಣ್ಣು ಹಿಂಡಿ ನೋಡಿ, ಹಳದಿ ಮರಳಿ ಬರುತ್ತದೆ. ಆರತಿ ತಟ್ಟೆಯಲ್ಲಿ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಮಾಡುತ್ತ ಬಂದ ರಸಾಯನ ಪ್ರಯೋಗವಿದು.

14. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಮತ್ತೊಂದು ಸೂಚಕ ಸಿಗುತ್ತದೆ. ಆಮ್ಲ ಸೇರಿದರೆ ಗಾಢ ಗುಲಾಬಿ, ಸೋಪಿನ ನೀರು ಸೇರಿದರೆ ಹಸಿರು. ಕಾಗದ ಕೊಳ್ಳಲು ಹಣವಿಲ್ಲದ ಶಾಲೆಯೂ ಈ ಪಾಠವನ್ನು ಹಿತ್ತಲಿನ ಗಿಡದಿಂದ ಮಾಡಬಹುದು.

15. ಕಪ್ಪು ಚಹಾಕ್ಕೆ ನಿಂಬೆರಸ ಬಿದ್ದ ಕೂಡಲೇ ಬಣ್ಣ ತಿಳಿಯಾಗುವುದನ್ನು ಗಮನಿಸಿದ್ದೀರಾ? ಚಹಾದ ಬಣ್ಣದ ವಸ್ತುಗಳಿಗೂ ಆಮ್ಲವನ್ನು ಗುರುತಿಸುವ ಗುಣವಿದೆ.

16. ಕಣ್ಣು ಕಾಣದ ವಿದ್ಯಾರ್ಥಿಗಳೂ ಆಮ್ಲ ಮತ್ತು ಪ್ರತ್ಯಾಮ್ಲಗಳನ್ನು ಬೇರ್ಪಡಿಸಬಹುದು. ಈರುಳ್ಳಿ, ವೆನಿಲಾ ಸಾರಗಳ ವಾಸನೆ ಆಮ್ಲದಲ್ಲಿ ಉಳಿಯುತ್ತದೆ, ಪ್ರತ್ಯಾಮ್ಲದಲ್ಲಿ ಮಾಯವಾಗುತ್ತದೆ. ಇವು ಘ್ರಾಣ ಸೂಚಕಗಳು.

17. ಹೈಡ್ರೇಂಜಿಯ ಗಿಡ ತಾನು ನಿಂತ ಮಣ್ಣಿನ ಗುಣವನ್ನು ಹೂವಿನಲ್ಲಿ ತೋರಿಸುತ್ತದೆ. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಸುಲಭವಾಗಿ ಕರಗಿ ಬೇರಿಗೆ ಸಿಗುವುದರಿಂದ ಹೂ ನೀಲಿ. ಕ್ಷಾರೀಯ ಮಣ್ಣಿನಲ್ಲಿ ಹೂ ಗುಲಾಬಿ.

ಅಡುಗೆಮನೆಯ ಆಮ್ಲಗಳು

18. ನಿಂಬೆಯಲ್ಲಿ ಸಿಟ್ರಿಕ್, ಹುಣಸೆಯಲ್ಲಿ ಟಾರ್ಟಾರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ಸೇಬಿನಲ್ಲಿ ಮ್ಯಾಲಿಕ್ ಆಮ್ಲ. ಈ ನಾಲ್ಕನ್ನೂ ಮೊದಲು ಬೇರ್ಪಡಿಸಿದವನು ಒಬ್ಬನೇ: ಸ್ವೀಡನ್ನಿನ ಔಷಧ ತಯಾರಕ ಕಾರ್ಲ್ ವಿಲ್ಹೆಲ್ಮ್ ಷೀಲೆ. 43 ವರ್ಷದ ಆಯಸ್ಸಿನಲ್ಲಿ ಆತ ಕ್ಲೋರಿನ್ ಅನಿಲವನ್ನೂ ಕಂಡುಹಿಡಿದಿದ್ದ.

19. ಮಲೆನಾಡಿನ ಅಡುಗೆಗೆ ಹುಳಿ ಕೊಡುವ ಉಪ್ಪಾಗೆಯಲ್ಲಿ ಇರುವುದು ಯಾವ ಆಮ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿ. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಅದನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಎಂದೇ ಭಾವಿಸಲಾಗಿತ್ತು.

20. ಕಡಲೆ ಗಿಡ ಎಲೆಯ ರೋಮಗಳಿಂದ ಆಮ್ಲ ಸ್ರವಿಸುತ್ತದೆ. ಹೊಲದಲ್ಲಿ ನಡೆದು ಬಂದವರ ಬಟ್ಟೆಗೆ, ಕಾಲಿಗೆ ಅಂಟುವ ಈ ಹುಳಿಯಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಕಾಯಿಕೊರಕ ಹುಳುವಿನ ಕಾಟ ತಡೆಯಲು ಗಿಡಕ್ಕೆ ಇದೇ ಆಸರೆ. ಉತ್ತರ ಕರ್ನಾಟಕದ ರೈತರು ಇಬ್ಬನಿ ಬೀಳುವ ಹೊತ್ತಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಹಿಂಡಿ ‘ಕಡಲೆ ಹುಳಿ’ ಸಂಗ್ರಹಿಸಿ ಅಜೀರ್ಣಕ್ಕೆ ಮನೆಮದ್ದಾಗಿ ಇಟ್ಟುಕೊಳ್ಳುವ ರೂಢಿ ಇದೆ.

21. ಹಾಲು ಒಡೆಯುವುದೇಕೆ? ಹಾಲಿನ ಕೇಸಿನ್ ಪ್ರೋಟೀನಿನ ಕಣಗಳು ವಿದ್ಯುದಾವೇಶದಿಂದಾಗಿ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಪಿಎಚ್ 4.6ರ ಹತ್ತಿರಕ್ಕೆ ಇಳಿದರೆ ಆ ತಳ್ಳಾಟ ನಿಂತು ಕಣಗಳು ಗಂಟುಕಟ್ಟುತ್ತವೆ. ಮೊಸರು, ಪನೀರ್ ಎರಡಕ್ಕೂ ಇದೇ ಆಧಾರ.

22. ಉಪ್ಪಿನಕಾಯಿ ಕಾಪಾಡುವುದು ಉಪ್ಪು ಮಾತ್ರವಲ್ಲ, ಹುಳಿಯೂ ಹೌದು. ಮಾರಕ ವಿಷ ಉಂಟುಮಾಡುವ ಬಾಟುಲಿನಂ ಬ್ಯಾಕ್ಟೀರಿಯ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಆಹಾರ ಸಂಸ್ಕರಣೆಯಲ್ಲಿ ಈ ಅಂಕ ಸುರಕ್ಷತೆಯ ಗಡಿರೇಖೆ.

23. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುವಾಗ ಬ್ಯಾಕ್ಟೀರಿಯಗಳು ಎರಡು ಕೆಲಸ ಒಟ್ಟಿಗೆ ಮಾಡುತ್ತವೆ. ಲ್ಯಾಕ್ಟಿಕ್ ಆಮ್ಲ ತಯಾರಿಸಿ ಹುಳಿ ತರುತ್ತವೆ, ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಹಗುರಾಗಿಸುತ್ತವೆ.

24. ಅಂಗಡಿಯಲ್ಲಿ ಸಿಗುವ ‘ನಿಂಬೆ ಉಪ್ಪು’ ನಿಂಬೆಯಿಂದ ಬಂದದ್ದಲ್ಲ. ಸಿಟ್ರಿಕ್ ಆಮ್ಲವನ್ನು ಇಂದು ಬಹುಪಾಲು ತಯಾರಿಸುವುದು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು. ಸಕ್ಕರೆ ಉಣಿಸಿದರೆ ಅದು ಸಿಟ್ರಿಕ್ ಆಮ್ಲ ಕೊಡುತ್ತದೆ ಎಂದು ಅಮೆರಿಕದ ಜೇಮ್ಸ್ ಕರ್ರಿ 1917ರಲ್ಲಿ ತೋರಿಸಿದರು.

25. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ, ಹುಣಸೆ ಹಾಕಿ ಬೇಯಿಸಿದರೆ ಆಹಾರದಲ್ಲಿ ಕಬ್ಬಿಣದ ಅಂಶ ಹೆಚ್ಚುತ್ತದೆ. ಹುಳಿ ಲೋಹವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವುದೇ ಕಾರಣ.

26. ಮಂಕಾದ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳಪು ಬರುತ್ತದೆ. ಮೇಲ್ಪದರದ ತಾಮ್ರದ ಆಕ್ಸೈಡ್ ಹುಳಿಯೊಂದಿಗೆ ವರ್ತಿಸಿ ನೀರಿನಲ್ಲಿ ಕರಗುವ ಲವಣವಾಗಿ ತೊಳೆದುಹೋಗುತ್ತದೆ. ಲೋಹದ ಆಕ್ಸೈಡ್ ಮತ್ತು ಆಮ್ಲ ಸೇರಿದರೆ ಲವಣ ಮತ್ತು ನೀರು.

27. ಅದೇ ಕಾರಣಕ್ಕೆ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು ಎನ್ನುತ್ತಿದ್ದರು ಹಿರಿಯರು. ಕರಗಿದ ತಾಮ್ರ ವಾಂತಿ ತರಿಸುತ್ತದೆ. ಅದಕ್ಕೆ ಪರಿಹಾರ ಒಳಮೈಗೆ ತವರದ ಕಲಾಯಿ. ಕಲಾಯಿಯವರು ಕಾದ ಪಾತ್ರೆಗೆ ಎರಚುವ ನವಸಾಗರದಿಂದಲೂ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊಮ್ಮುತ್ತದೆ. ಅದು ಲೋಹದ ಕಿಲುಬನ್ನು ಕಳೆದು ತವರ ಹಿಡಿಯುವಂತೆ ಮಾಡುತ್ತದೆ.

28. ಮಲೆನಾಡಿನ ಚಗಳಿ ಚಟ್ನಿಯ ಹುಳಿಗೆ ಹುಣಸೆ ಬೇಕಿಲ್ಲ. ಚಗಳಿ ಇರುವೆಗಳ ದೇಹದಲ್ಲೇ ಫಾರ್ಮಿಕ್ ಆಮ್ಲವಿದೆ. ಇರುವೆಗಳನ್ನು ಬಟ್ಟಿ ಇಳಿಸಿ ಈ ಆಮ್ಲ ಪಡೆದ ಬಗೆಯನ್ನು ಇಂಗ್ಲೆಂಡಿನ ಜಾನ್ ರೇ 1671ರಲ್ಲೇ ಪ್ರಕಟಿಸಿದ್ದ.

ಹೊಟ್ಟೆ ಮತ್ತು ಹಲ್ಲು

29. ನಮ್ಮ ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ 1820ರ ದಶಕದಲ್ಲಿ ಇದನ್ನು ಗುರುತಿಸಿದ. ಅದರ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5. ಜಠರದ ಒಳಗೋಡೆ ಲೋಳೆಯ ಪದರದ ರಕ್ಷಣೆಯಲ್ಲಿ ಉಳಿದುಕೊಳ್ಳುತ್ತದೆ.

30. ಜೀರ್ಣಕ್ರಿಯೆಯನ್ನು ಕಣ್ಣಾರೆ ಕಂಡ ವೈದ್ಯನೊಬ್ಬನಿದ್ದ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಗೆ ಗುಂಡು ತಗುಲಿತು. ಜೀವ ಉಳಿಯಿತು, ಆದರೆ ಜಠರಕ್ಕೆ ತೆರೆದ ರಂಧ್ರ ಮುಚ್ಚಲಿಲ್ಲ. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ರಂಧ್ರದಿಂದ ದಾರಕ್ಕೆ ಕಟ್ಟಿದ ಆಹಾರ ಇಳಿಸಿ, ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದ. 1833ರಲ್ಲಿ ಆತನ ಪುಸ್ತಕ ಹೊರಬಂತು.

31. ಇಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂದು ವೈದ್ಯರು ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಆ ಬ್ಯಾಕ್ಟೀರಿಯ ತನ್ನ ಸುತ್ತ ಅಮೋನಿಯ ಉತ್ಪಾದಿಸಿ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಈ ಸಂಶೋಧನೆಗೆ ಮಾರ್ಷಲ್ ಮತ್ತು ರಾಬಿನ್ ವಾರೆನ್ 2005ರ ನೊಬೆಲ್ ಪಡೆದರು.

32. ರಣಹದ್ದಿನ ಜಠರದ ಪಿಎಚ್ ಸುಮಾರು 1. ಕೊಳೆತ ಮಾಂಸದ ಹಲವು ರೋಗಾಣುಗಳು ಅಲ್ಲಿಯೇ ಸಾಯುತ್ತವೆ. ಊರಹೊರಗಿನ ಹೆಣಗಳನ್ನು ತಿಂದು ರೋಗ ಹರಡದಂತೆ ತಡೆಯುವ ಈ ಹಕ್ಕಿಯ ಬಲ ಅದರ ಹೊಟ್ಟೆಯಲ್ಲಿದೆ.

33. ಹೊಟ್ಟೆಯುರಿಗೆ ನೀರಿನಲ್ಲಿ ಹಾಕುವ ಪುಡಿಯಲ್ಲಿ ಸಿಟ್ರಿಕ್ ಆಮ್ಲವೂ ಅಡುಗೆ ಸೋಡಾವೂ ಒಟ್ಟಿಗೇ ಇರುತ್ತವೆ. ಒಣಗಿರುವಷ್ಟು ದಿನ ಎರಡೂ ಸುಮ್ಮನಿರುತ್ತವೆ. ನೀರು ಬಿದ್ದ ಕ್ಷಣವೇ ಬುಸುಗುಟ್ಟುತ್ತವೆ.

34. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಗಳು ತಯಾರಿಸುವ ಆಮ್ಲವೇ ಹುಳುಕಿಗೆ ಮೂಲ. ಕೋಲಾದಂಥ ಪಾನೀಯದ ಪಿಎಚ್ ಸುಮಾರು 2.5. ಹುಳಿ ತಿಂದ ತಕ್ಷಣ ಹಲ್ಲುಜ್ಜಬೇಡಿ. ಮೆತ್ತಗಾದ ಎನಾಮೆಲ್ ಸವೆಯುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಾಯಿರಿ.

ಲೋಹ ಎದುರಾದಾಗ

35. ಸತುವಿನ ಚೂರಿಗೆ ಸಾರರಿಕ್ತ, ಅಂದರೆ ಹೆಚ್ಚು ನೀರು ಬೆರೆತ, ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗುಳ್ಳೆಗಳೇಳುತ್ತವೆ. ಉರಿಯುವ ಕಡ್ಡಿ ಹಿಡಿದರೆ ಆ ಅನಿಲ ‘ಪಟ್’ ಎಂದು ಸಿಡಿಯುತ್ತದೆ. ಅದು ಹೈಡ್ರೋಜನ್. ಅದೊಂದು ಪ್ರತ್ಯೇಕ ಅನಿಲ ಎಂದು 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ತೋರಿಸಿದ್ದೂ ಲೋಹ ಮತ್ತು ಆಮ್ಲದಿಂದ ಅದನ್ನು ಪಡೆದೇ.

36. ಜಗತ್ತಿನ ಮೊದಲ ಹೈಡ್ರೋಜನ್ ಬಲೂನು ಹಾರಿದ್ದು ಇದೇ ಕ್ರಿಯೆಯಿಂದ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಷಾರ್ಲ್ ಸುಮಾರು ಅರ್ಧ ಟನ್ ಕಬ್ಬಿಣದ ಚೂರಿನ ಮೇಲೆ ಸಲ್ಫ್ಯೂರಿಕ್ ಆಮ್ಲ ಸುರಿದು ಬಂದ ಅನಿಲದಿಂದ ಬಲೂನು ತುಂಬಿಸಿದ. ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದಾಗ ಭೂತವೆಂದು ಹೆದರಿದ ರೈತರು ಕವೆಗೋಲಿನಿಂದ ತಿವಿದು ಹರಿದುಹಾಕಿದರು.

37. ಎಲ್ಲ ಲೋಹಗಳೂ ಬಗ್ಗುವುದಿಲ್ಲ. ತಾಮ್ರ, ಬೆಳ್ಳಿ, ಚಿನ್ನಗಳು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೈಡ್ರೋಜನ್ ಬಿಡಿಸಲಾರವು. ಸಾರಯುಕ್ತ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗುತ್ತದೆ. ಆಗಲೂ ಹೊರಬರುವುದು ಹೈಡ್ರೋಜನ್ ಅಲ್ಲ, ಕಂದು ಬಣ್ಣದ ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್.

38. ಸಾರಯುಕ್ತ ನೈಟ್ರಿಕ್ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕರಿನಲ್ಲಿ ಸಾಗಿಸಬಹುದು. ಆಮ್ಲವೇ ಲೋಹದ ಮೇಲೆ ಬಿಗಿಯಾದ ಆಕ್ಸೈಡ್ ಪದರ ಕಟ್ಟಿ ಒಳಗಿನ ಲೋಹವನ್ನು ರಕ್ಷಿಸುತ್ತದೆ.

39. ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಆಭರಣ ಉಜ್ಜಿ ನೈಟ್ರಿಕ್ ಆಮ್ಲದ ಹನಿ ಬಿಡುವುದು ಸತ್ಯಪರೀಕ್ಷೆಗೆ. ತಾಮ್ರ, ಹಿತ್ತಾಳೆಯ ಗೆರೆ ಅಳಿಸಿಹೋಗುತ್ತದೆ. ಅಪರಂಜಿಯ ಗೆರೆ ಉಳಿಯುತ್ತದೆ.

40. ಆ ಚಿನ್ನವನ್ನೂ ಕರಗಿಸುವ ಮಿಶ್ರಣ ರಾಜದ್ರವ: ಒಂದು ಪಾಲು ಸಾರಯುಕ್ತ ನೈಟ್ರಿಕ್ ಆಮ್ಲ, ಮೂರು ಪಾಲು ಸಾರಯುಕ್ತ ಹೈಡ್ರೋಕ್ಲೋರಿಕ್ ಆಮ್ಲ. ನಾಜಿಗಳ ಕೈಗೆ ಸಿಗಬಾರದೆಂದು ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ತಮ್ಮ ನೊಬೆಲ್ ಪದಕಗಳನ್ನು ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಸಂಸ್ಥೆಗೆ ಕಳಿಸಿದ್ದರು. 1940ರಲ್ಲಿ ಜರ್ಮನ್ ಸೈನ್ಯ ಆ ನಗರಕ್ಕೂ ನುಗ್ಗಿದಾಗ ಜಾರ್ಜ್ ಡಿ ಹೆವೆಸಿ ಎರಡೂ ಪದಕಗಳನ್ನು ರಾಜದ್ರವದಲ್ಲಿ ಕರಗಿಸಿ, ಬಾಟಲಿಯನ್ನು ಕಪಾಟಿನಲ್ಲಿಟ್ಟರು. ಸೈನಿಕರಿಗೆ ಅದರ ಗುಟ್ಟು ತಿಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಬಾಟಲಿ ಇಟ್ಟಲ್ಲೇ ಇತ್ತು. ಚಿನ್ನವನ್ನು ಮರಳಿ ಬೇರ್ಪಡಿಸಿ ಸ್ವೀಡನ್ನಿಗೆ ಕಳಿಸಲಾಯಿತು, ಅದರಿಂದ ಪದಕಗಳನ್ನು ಹೊಸದಾಗಿ ಮಾಡಿಸಿ ಕೊಡಲಾಯಿತು.

41. ಹೈಡ್ರೋಫ್ಲೋರಿಕ್ ಆಮ್ಲವನ್ನು ಗಾಜಿನ ಬಾಟಲಿಯಲ್ಲಿ ಇಡುವಂತಿಲ್ಲ. ಅದು ಗಾಜನ್ನೇ ತಿನ್ನುತ್ತದೆ. ಇಡುವುದು ಪ್ಲಾಸ್ಟಿಕ್ಕಿನಲ್ಲಿ. ಗಾಜಿನ ಮೇಲೆ ಚಿತ್ತಾರ ಕೊರೆಯಲು ಇದೇ ಗುಣ ಬಳಕೆಯಾಗುತ್ತದೆ.

42. ಕಬ್ಬಿಣದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಬಳಿದರೆ ತುಕ್ಕು ಫಾಸ್ಫೇಟ್ ಪದರವಾಗಿ ಬದಲಾಗುತ್ತದೆ. ಬಣ್ಣ ಬಳಿಯುವ ಮೊದಲು ವಾಹನಗಳ ಲೋಹಕ್ಕೆ ಈ ಉಪಚಾರ ನಡೆಯುತ್ತದೆ.

ಕಲ್ಲು, ಮಳೆ, ಕಡಲು

43. ಭೂವಿಜ್ಞಾನಿಗಳ ಚೀಲದಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ ಇರುತ್ತದೆ. ಹನಿ ಬಿದ್ದಲ್ಲಿ ನೊರೆಯೆದ್ದರೆ ಅದು ಸುಣ್ಣದ ಕಲ್ಲು. ಕಾರ್ಬೊನೇಟ್ ಮತ್ತು ಆಮ್ಲ ಸೇರಿದರೆ ಲವಣ, ನೀರು, ಇಂಗಾಲದ ಡೈಆಕ್ಸೈಡ್.

44. ಹಸಿ ಮೊಟ್ಟೆಯನ್ನು ವಿನೆಗರಿನಲ್ಲಿ ಒಂದೆರಡು ದಿನ ಮುಳುಗಿಸಿಟ್ಟರೆ ಚಿಪ್ಪು ಪೂರ್ತಿ ಕರಗಿ, ಒಳಪೊರೆಯಲ್ಲಿ ಹಿಡಿದಿಟ್ಟ ಮೆತ್ತನೆಯ ಮೊಟ್ಟೆ ಉಳಿಯುತ್ತದೆ. ಮಕ್ಕಳು ಮನೆಯಲ್ಲೇ ಮಾಡಬಹುದಾದ ಪ್ರಯೋಗ.

45. ಸೋಡಾ ನೀರು ಮಾಡುವ ವಿಧಾನವನ್ನು ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಪ್ರಕಟಿಸಿದ. ಸೀಮೆಸುಣ್ಣಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿ, ಬಂದ ಅನಿಲವನ್ನು ನೀರಿಗೆ ಹಾಯಿಸುವುದೇ ಆ ವಿಧಾನ. ನೀರಿನಲ್ಲಿ ಕರಗಿದ ಅನಿಲದ ಒಂದಂಶ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾದ ಚುರುಕು ಅದರದ್ದೇ.

46. ಅದೇ ಕಾರ್ಬಾನಿಕ್ ಆಮ್ಲ ಮಳೆನೀರಿನಲ್ಲೂ ಇದೆ. ಹಾಗಾಗಿ ನಿರ್ಮಲ ಮಳೆಯ ಪಿಎಚ್ ಕೂಡ 7 ಅಲ್ಲ, ಸುಮಾರು 5.6. ಲಕ್ಷಾಂತರ ವರ್ಷ ಹೀಗೆ ಸುಣ್ಣದ ಕಲ್ಲನ್ನು ಕರಗಿಸಿ ಮಳೆ ಗುಹೆಗಳನ್ನೂ ಶಿಖರಗಳನ್ನೂ ಕೊರೆಯುತ್ತದೆ. ಉತ್ತರ ಕನ್ನಡದ ಯಾಣದ ಕಪ್ಪು ಬಂಡೆಗಳು ಸುಣ್ಣದ ಕಲ್ಲಿನವು. ಅವುಗಳ ಚೂಪು ಆಕಾರದಲ್ಲಿ ಈ ಸೌಮ್ಯ ಆಮ್ಲದ ಕೈವಾಡವಿದೆ.

47. ಗುಡುಗು ಮಿಂಚಿನ ಮಳೆಯಲ್ಲಿ ನೈಟ್ರಿಕ್ ಆಮ್ಲದ ಅಂಶವೂ ಇಳಿಯುತ್ತದೆ. ಮಿಂಚಿನ ಬಿಸಿಗೆ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡುವುದು ಕಾರಣ. ಮಣ್ಣಿಗೆ ಅದು ಪುಕ್ಕಟೆ ಗೊಬ್ಬರ.

48. ಕಾರ್ಖಾನೆ, ವಾಹನಗಳ ಹೊಗೆ ಬೆರೆತರೆ ಕಥೆ ಬೇರೆ. ಮ್ಯಾಂಚೆಸ್ಟರಿನ ಮಳೆಯಲ್ಲಿ ಸಲ್ಫ್ಯೂರಿಕ್ ಆಮ್ಲ ಇದೆಯೆಂದು ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲೇ ಎಚ್ಚರಿಸಿದ್ದ. ಇಂಥ ಗಾಳಿ ಮಳೆಗಳು ಅಮೃತಶಿಲೆಯನ್ನು ಜಿಪ್ಸಂ ಆಗಿ ಉದುರಿಸುತ್ತವೆ. ತಾಜ್‌ಮಹಲಿನ ಸುತ್ತಲ ವಲಯದ ಕಲ್ಲಿದ್ದಲು ಉರಿಸುವ ಕೈಗಾರಿಕೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು ಇಲ್ಲವೇ ಜಾಗ ಖಾಲಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

49. ಕೈಗಾರಿಕಾ ಯುಗ ಶುರುವಾದಾಗಿನಿಂದ ಸಾಗರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಅಲ್ಪ, ಆದರೆ ಹೈಡ್ರೋಜನ್ ಅಯಾನುಗಳ ಲೆಕ್ಕದಲ್ಲಿ ಕಾಲುಭಾಗಕ್ಕೂ ಹೆಚ್ಚಿನ ಏರಿಕೆ. ಚಿಪ್ಪು ಕಟ್ಟಿ ಬದುಕುವ ಮಳಿ, ಹವಳಗಳಿಗೆ ಇದು ನೇರ ಪೆಟ್ಟು.

ಆಮ್ಲ ಶಮನವಾದಾಗ

50. ಪ್ರಬಲ ಆಮ್ಲ ಯಾವುದೇ ಇರಲಿ, ಪ್ರಬಲ ಪ್ರತ್ಯಾಮ್ಲ ಯಾವುದೇ ಇರಲಿ, ಒಂದು ಮೋಲ್ ನೀರು ಉಂಟಾಗುವಾಗ ಹೊರಬೀಳುವ ಶಾಖ ಸುಮಾರು 57 ಕಿಲೋಜೂಲ್. ಎಲ್ಲ ಕಡೆಯೂ ನಿಜವಾಗಿ ನಡೆಯುವುದು ಒಂದೇ ಕ್ರಿಯೆ: ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಕೂಡಿ ನೀರಾಗುವುದು.

51. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣವೂ ತಟಸ್ಥೀಕರಣದ ಫಲ. ಮೈಲುತುತ್ತದ ದ್ರಾವಣ ಆಮ್ಲೀಯ, ಅದನ್ನು ಶಮನ ಮಾಡುವುದು ಸುಣ್ಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ. ಹದ ನೋಡಲು ಹೊಳೆಯುವ ಚಾಕುವನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಗೊನೆ ಸುಟ್ಟೀತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಕೊಳೆರೋಗದ ಅಧ್ಯಯನ ನಡೆಸಿ ಈ ಸಿಂಪರಣೆಯನ್ನು ಮಲೆನಾಡಿನ ಬೆಳೆಗಾರರಿಗೆ ತಲುಪಿಸಿದರು.

52. ಜೋರು ಮಳೆ ಬೀಳುವಲ್ಲಿ ಮಣ್ಣಿನ ಕ್ಯಾಲ್ಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಚೆಲ್ಲುವುದು ಈ ಹುಳಿ ತಗ್ಗಿಸಲು. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕುವುದು ಸಲ್ಲ.

53. ಮರದಿಂದ ಇಳಿಸಿದ ರಬ್ಬರ್ ಹಾಲಿಗೆ ಬೆಳೆಗಾರರು ಫಾರ್ಮಿಕ್ ಆಮ್ಲ ಬೆರೆಸುತ್ತಾರೆ. ಹಾಲಿಗೆ ನಿಂಬೆ ಹಿಂಡಿದಂತೆ ಅದು ಹೆಪ್ಪುಗಟ್ಟುತ್ತದೆ. ಆ ಮೇಲೆ ಅದನ್ನು ಹಾಳೆ ಮಾಡಿ ಒಣಗಿಸುತ್ತಾರೆ.

54. ಸಿಂಕು ತೊಳೆಯಲು ಅಡುಗೆ ಸೋಡಾ ಮತ್ತು ನಿಂಬೆರಸವನ್ನು ಒಟ್ಟಿಗೆ ಹಾಕುವವರಿದ್ದಾರೆ. ನೊರೆ ಕಂಡು ಮೋಸಹೋಗಬೇಡಿ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಉಳಿಯುವುದು ಬಹುಪಾಲು ಲವಣದ ನೀರು. ಬೇರೆ ಬೇರೆಯಾಗಿ ಬಳಸಿದರೆ ಫಲ ಹೆಚ್ಚು.

ದೈತ್ಯರು

55. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ರಾಸಾಯನಿಕಗಳ ಮುಂಚೂಣಿಯಲ್ಲಿರುವುದು ಸಲ್ಫ್ಯೂರಿಕ್ ಆಮ್ಲ. ವರ್ಷಕ್ಕೆ 20 ಕೋಟಿ ಟನ್ನಿಗೂ ಹೆಚ್ಚು. ಅದರ ದೊಡ್ಡ ಪಾಲು ಹೋಗುವುದು ಫಾಸ್ಫೇಟ್ ಗೊಬ್ಬರಕ್ಕೆ. ನಮ್ಮ ತಟ್ಟೆಯ ಅನ್ನಕ್ಕೂ ಅದಕ್ಕೂ ನಂಟಿದೆ.

56. ಸಕ್ಕರೆಯ ಮೇಲೆ ಸಾರಯುಕ್ತ ಸಲ್ಫ್ಯೂರಿಕ್ ಆಮ್ಲ ಸುರಿದರೆ ಅದು ಸಕ್ಕರೆಯಿಂದ ನೀರಿನ ಅಂಶವನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಹಬೆಯಾಡುತ್ತ ಮೇಲೇಳುವ ಕಪ್ಪು ಇಂಗಾಲದ ಕಂಬ. ಚರ್ಮಕ್ಕೂ ಬಟ್ಟೆಗೂ ಅದು ಮಾಡುವುದು ಇದನ್ನೇ.

57. ವಾಹನದ ಬ್ಯಾಟರಿಯಲ್ಲಿರುವುದೂ ಸಲ್ಫ್ಯೂರಿಕ್ ಆಮ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಈ ಬಗೆಯ ಬ್ಯಾಟರಿಯನ್ನು ರೂಪಿಸಿದ. ಬ್ಯಾಟರಿ ಖಾಲಿಯಾಗುತ್ತ ಬಂದಂತೆ ಆಮ್ಲ ಖರ್ಚಾಗಿ ದ್ರಾವಣ ತೆಳುವಾಗುತ್ತದೆ. ಮೆಕ್ಯಾನಿಕ್ ಹೈಡ್ರೋಮೀಟರ್ ಇಳಿಸಿ ಅಳೆಯುವುದು ಅದರ ಸಾಂದ್ರತೆಯನ್ನು. ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊಮ್ಮುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು.

58. ನೂರಕ್ಕೆ ನೂರು ಸಲ್ಫ್ಯೂರಿಕ್ ಆಮ್ಲಕ್ಕಿಂತಲೂ ಪ್ರಬಲವಾದವು ಮಹಾಮ್ಲಗಳು. ಜಾರ್ಜ್ ಓಲಾ ಅವರ ಪ್ರಯೋಗಾಲಯದಲ್ಲಿ ಅಂಥದೊಂದು ಆಮ್ಲಕ್ಕೆ ಕ್ರಿಸ್ಮಸ್ ಮೇಣದಬತ್ತಿ ಹಾಕಿದಾಗ ಅದೂ ಕರಗಿತು. ಆ ದಾರಿಯ ಸಂಶೋಧನೆಗೆ ಓಲಾ 1994ರ ನೊಬೆಲ್ ಪಡೆದರು.

59. ಪ್ರಾಬಲ್ಯ ಮತ್ತು ಕೊರೆಯುವ ಗುಣ ಒಂದೇ ಅಲ್ಲ. 2004ರಲ್ಲಿ ಕ್ರಿಸ್ಟೋಫರ್ ರೀಡ್ ತಂಡ ಪ್ರಕಟಿಸಿದ ಕಾರ್ಬೊರೇನ್ ಆಮ್ಲ ಸಲ್ಫ್ಯೂರಿಕ್ ಆಮ್ಲಕ್ಕಿಂತ ಕನಿಷ್ಠ ಹತ್ತು ಲಕ್ಷ ಪಟ್ಟು ಪ್ರಬಲ. ಆದರೂ ಅದನ್ನು ಗಾಜಿನ ಬಾಟಲಿಯಲ್ಲಿ ಇಡಬಹುದು.

60. ಶುಕ್ರಗ್ರಹವನ್ನು ಮುಚ್ಚಿರುವ ಮೋಡಗಳು ಸಲ್ಫ್ಯೂರಿಕ್ ಆಮ್ಲದವು. ಭೂಮಿಯ ಮೇಲೆ ಇಂಡೊನೇಷ್ಯಾದ ಕಾವಾ ಇಜೆನ್ ಜ್ವಾಲಾಮುಖಿಯ ಬಾಯಲ್ಲಿರುವ ಹಸಿರುನೀಲಿ ಸರೋವರದ ಪಿಎಚ್ 1ಕ್ಕಿಂತ ಕಡಿಮೆ.

ಇದನ್ನು ಮರೆಯಬೇಡಿ

61. ಆಮ್ಲಕ್ಕೆ ನೀರು ಹಾಕಬೇಡಿ, ನೀರಿಗೆ ಆಮ್ಲ ಹಾಕಿ, ಅದೂ ಸ್ವಲ್ಪಸ್ವಲ್ಪವಾಗಿ, ಕಲಕುತ್ತ. ಸಲ್ಫ್ಯೂರಿಕ್ ಆಮ್ಲ ನೀರಿಗಿಂತ 1.84 ಪಟ್ಟು ಭಾರ. ಮೇಲೆ ಸುರಿದ ನೀರು ತೇಲುತ್ತ, ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ.

62. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿ ಅಥವಾ ದ್ರಾವಣವನ್ನೂ ಎಂದೂ ಬೆರೆಸಬೇಡಿ. ಹೊಮ್ಮುವುದು ಕ್ಲೋರಿನ್. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷಾನಿಲ ಅದೇ.

63. ಮೈಮೇಲೆ, ಕಣ್ಣಿಗೆ ಆಮ್ಲ ಬಿದ್ದರೆ ಕ್ಷಣವೂ ತಡಮಾಡದೆ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ, ಆಮ್ಲ ತಾಗಿದ ಬಟ್ಟೆ ತೆಗೆಯಿರಿ, ಆಸ್ಪತ್ರೆಗೆ ಹೋಗಿ. ಅಡುಗೆ ಸೋಡಾ ಬಳಿಯಬೇಡಿ. ಶಮನದ ಶಾಖವೇ ಗಾಯ ಹೆಚ್ಚಿಸೀತು. ಯಾರಾದರೂ ಆಮ್ಲ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಗಂಟಲನ್ನು ಅದು ಏರುವಾಗ ಮತ್ತೆ ಸುಡುತ್ತದೆ.

64. ಗುರುತಿನ ಚೀಟಿ ನೋಡದೆ, ಪುಸ್ತಕದಲ್ಲಿ ದಾಖಲಿಸದೆ ಆಮ್ಲ ಮಾರುವಂತಿಲ್ಲ, 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಆಮ್ಲ ಎರಚಿ ಗಂಭೀರ ಗಾಯ ಮಾಡಿದವರಿಗೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ.

ಓದುಗರಲ್ಲಿ ಒಂದು ಕೋರಿಕೆ. ಇವತ್ತೇ ನಿಮ್ಮ ಬಚ್ಚಲುಮನೆಯ ಮೂಲೆ ನೋಡಿ. ಆಮ್ಲವನ್ನು ನೀರಿನ ಅಥವಾ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿಟ್ಟಿದ್ದರೆ ಮೂಲ ಡಬ್ಬಿಗೇ ಸೇರಿಸಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಬೀಗದೊಳಗೆ ಇಡಿ. ಮಕ್ಕಳಿಗೆ ಅರಿಸಿನ, ಸುಣ್ಣ, ನಿಂಬೆ ಕೊಟ್ಟು ಬಣ್ಣದ ಆಟ ತೋರಿಸಿ. ಆಮ್ಲದ ಗುಣವನ್ನು ಅವರು ಅಲ್ಲಿಂದ ಕಲಿಯಲಿ; ಗಾಯದಿಂದ ಕಲಿಯುವಂತಾಗದಿರಲಿ.